ಊರು ಬಿಟ್ಟ ಮಾಣಿಗಳು

ಹೋಟೆಲಿನಲ್ಲಿ ಕಾಫಿ ತಿಂಡಿ ತಂದುಕೊಡುವವನನ್ನು ಕನ್ನಡನಾಡಿನಲ್ಲಿ ಬಹುಕಾಲ ‘ಮಾಣಿ’ ಎಂದು ಕರೆದೆವು. ಅವನಿಗೆ ವಯಸ್ಸು ಐವತ್ತಾಗಿದ್ದರೂ ಅವನು ಮಾಣಿಯೇ. ಈ ಮಾತಿನ ಮೂಲವೇನೆಂದು ವಿಚಾರಿಸಿದವರು ಕಡಿಮೆ. ಕುಂದಾಪುರದ ಕಡೆಯ ಮನೆಗಳಲ್ಲಿ ಮಾಣಿ ಎಂದರೆ ಹುಡುಗ, ಅಷ್ಟೆ. ಅಜ್ಜಿ ಮೊಮ್ಮಗನನ್ನು ಅಕ್ಕರೆಯಿಂದ ಕೂಗುವ ಮಾತು. ಸಂಸ್ಕೃತದಲ್ಲಿ ಮಾಣವ, ಮಾಣವಕ ಎಂದರೆ ಎಳೆಯ ಹುಡುಗ, ಉಪನಯನವಾಗಿ ಓದುತ್ತಿರುವ ವಟು. ನಮ್ಮ ಮಾಣಿ ಅದರಿಂದ ಬಂದವನು. ಹಾಗಿದ್ದ ಮೇಲೆ ಓದುವ ಹುಡುಗನ ಹೆಸರು ಎಂಜಲು ಲೋಟ ಎತ್ತುವ ಕೆಲಸಕ್ಕೆ ಅಂಟಿಕೊಂಡದ್ದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ ನಮ್ಮ ಕರಾವಳಿಯ ಸಾವಿರಾರು ಮಕ್ಕಳು ಹರೆಯವನ್ನು ಹೇಗೆ ಕಳೆದರು ಎಂಬ ಚರಿತ್ರೆಯೇ ತೆರೆದುಕೊಳ್ಳುತ್ತದೆ.

ಹದಿಹರೆಯ ಎಂಬುದು ಬಾಲ್ಯಕ್ಕೂ ಪ್ರೌಢಾವಸ್ಥೆಗೂ ನಡುವಣ ಬೇರೆಯೇ ಒಂದು ಕಾಲ, ಅದಕ್ಕೆ ಅದರದೇ ಆದ ಆರೈಕೆ ಬೇಕು ಎಂಬ ವಿಚಾರ ಜಗತ್ತಿನಲ್ಲಿಯೇ ಬಹಳ ಹಳೆಯದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಹಾಲ್ ಈ ವಯಸ್ಸಿನ ಬಗೆಗೆ ಎರಡು ಸಂಪುಟಗಳ ಗ್ರಂಥವನ್ನು ಪ್ರಕಟಿಸಿದ್ದು 1904ರಲ್ಲಿ. ಈಗ ವಿಶ್ವ ಆರೋಗ್ಯ ಸಂಸ್ಥೆ 10ರಿಂದ 19 ವರ್ಷದವರೆಗಿನ ಕಾಲವನ್ನು ಹದಿಹರೆಯವೆಂದು ಗಣಿಸುತ್ತದೆ. ಆದರೆ ಬಡವರ ಮನೆಯಲ್ಲಿ ಇಂಥ ನಡುವಣ ಕಾಲವೇ ಇರಲಿಲ್ಲ. ಹುಡುಗ ಹನ್ನೆರಡು ತುಂಬಿದನೆಂದರೆ ದುಡಿಯುವ ಕೈ. ಹುಡುಗಿ ಮೈನೆರೆದಳೆಂದರೆ ಮದುವೆಯ ಮಾತು. ಈ ಸ್ಥಿತಿಯಿಂದ ನಾವು ಇಂದಿನ ಸ್ಥಿತಿಗೆ ಬಂದ ದಾರಿಯನ್ನು ಸ್ವಲ್ಪ ನೋಡೋಣ.

ಉಡುಪಿ ಜಿಲ್ಲೆಯ ಕಾಪು ತಾಲೂಕಿನ ಎಲ್ಲೂರನ್ನೇ ತೆಗೆದುಕೊಳ್ಳಿ. ಮಹತೋಭಾರ ವಿಶ್ವೇಶ್ವರ ದೇವಸ್ಥಾನದಿಂದ ಹೆಸರಾದ ಊರು. ಸೀಯಾಳದ ಅಭಿಷೇಕಕ್ಕೆ ಹರಕೆ ಹೇಳಿಕೊಂಡು ದೂರದವರೂ ಇಲ್ಲಿಗೆ ಬರುತ್ತಾರೆ. ಇಂದಿನ ಪತ್ರಿಕೆಗಳ ಓದುಗರಿಗೆ ಈ ಊರು 1,200 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದಿಂದಲೂ ಪರಿಚಿತ. ಆದರೆ ಎಪ್ಪತ್ತು ಎಂಬತ್ತು ವರ್ಷಗಳ ಹಿಂದೆ ಎಲ್ಲೂರು, ಮುದರಂಗಡಿ, ಶಿರ್ವ, ಇನ್ನಂಜೆಗಳ ಈ ಸೀಮೆ ಗದ್ದೆಯನ್ನೇ ನಂಬಿದ್ದ ಸೀಮೆ. ತಗ್ಗಿನ ಬೈಲುಗದ್ದೆಯಾದರೆ ಎರಡು ಮೂರು ಬೆಳೆ. ಎತ್ತರದ ಬೆಟ್ಟುಗದ್ದೆಗೆ ಮಳೆಗಾಲದ ಒಂದೇ ಬೆಳೆ. ಉಳುವವರಲ್ಲಿ ಹೆಚ್ಚಿನವರು ಚಾಲಗೇಣಿ ಒಕ್ಕಲುಗಳು. ಬೆಳೆದ ಬತ್ತದಲ್ಲಿ ಧನಿಗಳ ಗೇಣಿಯನ್ನು ಅಳೆದುಕೊಟ್ಟು ಉಳಿದದ್ದರಲ್ಲಿ ವರ್ಷ ಕಳೆಯಬೇಕು. ಆಟಿ ತಿಂಗಳು, ಅಂದರೆ ಜುಲೈ ಆಗಸ್ಟಿನ ಜಡಿಮಳೆಯ ಕಾಲ, ಬಂತೆಂದರೆ ಹಳೆಯ ಅಕ್ಕಿ ಮುಗಿದು ಹೊಸ ಬೆಳೆ ಇನ್ನೂ ಹೊಲದಲ್ಲಿರುತ್ತಿತ್ತು. ಆಗ ಕೆಸುವಿನೆಲೆ, ತಗಟೆ ಸೊಪ್ಪು, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆಗಳೇ ಮನೆಯನ್ನು ನಡೆಸುತ್ತಿದ್ದುವು. ಇಂದು ಪಟ್ಟಣಗಳಲ್ಲಿ ಆಟಿಯ ತಿನಿಸುಗಳ ಉತ್ಸವ ಮಾಡುತ್ತೇವೆ. ಆ ತಿನಿಸುಗಳು ಹುಟ್ಟಿದ್ದು ಹಸಿವಿನಿಂದ ಎಂಬುದು ನೆನಪಿರಬೇಕು.

ಇಂಥ ಮನೆಯಲ್ಲಿ ಊಟದ ಬಾಯಿ ಒಂದು ಕಡಿಮೆಯಾದರೂ ಉಪಕಾರವೇ. ಐದನೆಯ ತರಗತಿಯೋ ಏಳನೆಯದೋ ಮುಗಿದ ಹುಡುಗನನ್ನು ಊರಿಗೆ ರಜೆಯಲ್ಲಿ ಬಂದ ಪರಿಚಯಸ್ಥರೊಬ್ಬರ ಜೊತೆಗೆ ಕಳಿಸಿಬಿಡುತ್ತಿದ್ದರು. ಬ್ರಾಹ್ಮಣ ಹುಡುಗರಲ್ಲಿ ಕೆಲವರು ಮೊದಲು ಉಡುಪಿಯ ಮಠಗಳ ಅಡುಗೆಮನೆಯಲ್ಲಿ ಕೈ ಪಳಗಿಸಿಕೊಂಡು, ಅಲ್ಲಿಂದ ಮದರಾಸು, ಬೆಂಗಳೂರು, ಮುಂಬಯಿಗಳಿಗೆ ನಡೆದರು. ಬಂಟರ, ಬಿಲ್ಲವರ, ಮೊಗವೀರರ, ಕೊಂಕಣಿಗರ ಹುಡುಗರೂ ಇದೇ ದಾರಿ ಹಿಡಿದರು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದು ದಕ್ಷಿಣಕ್ಕೆ, ಮಲಬಾರು ಮದರಾಸುಗಳ ಕಡೆಗೆ ಹೋಗುವ ದಾರಿ. ಮುಂಬಯಿಗೆ ಕರಾವಳಿಗುಂಟ ಹೋಗುವ ಹಡಗೇ ಗತಿ. ಮಳೆಗಾಲದಲ್ಲಿ ಅದೂ ಇಲ್ಲ. ಆಮೇಲೆ ಘಟ್ಟ ಹತ್ತುವ ಬಸ್ಸುಗಳು ಬಂದುವು. ಹೀಗೆ ಹೋದ ಹುಡುಗನ ಹಳೆಯ ಹೆಸರು ಅವನ ಜೊತೆಗೇ ಹೋಯಿತು. ಗಲ್ಲೆಯ ಮೇಲೆ ಕುಳಿತ ಊರಿನವರೇ ಆದ ಯಜಮಾನರು ‘ಮಾಣೀ’ ಎಂದು ಕರೆದದ್ದನ್ನು ಗಿರಾಕಿಗಳು ಕೇಳಿ ಕಲಿತರು.

ಆ ಹುಡುಗನ ದಿನಚರಿ ಹೇಗಿತ್ತು? ನಸುಕಿಗೆ ಮೊದಲೇ ಎದ್ದು ಒಲೆ ಹೊತ್ತಿಸುವುದು, ಅರೆಯುವ ಕಲ್ಲಿನ ಮುಂದೆ ಕೂರುವುದು, ತಟ್ಟೆ ಲೋಟ ತೊಳೆಯುವುದು, ಮೇಜು ಒರೆಸುವುದು. ರಾತ್ರಿ ಬಾಗಿಲು ಹಾಕಿದ ಮೇಲೆ ಅದೇ ಮೇಜುಗಳನ್ನು ಜೋಡಿಸಿಕೊಂಡು ಮಲಗುವುದು. ಊಟಕ್ಕೆ ಕೊರತೆಯಿಲ್ಲ; ಮನೆಯಲ್ಲಿ ಕಾಣದಷ್ಟು ಅನ್ನ ಇಲ್ಲಿ ಸಿಕ್ಕಿತು. ತಿಂಗಳಿಗೊಮ್ಮೆ ಊರಿಗೆ ಮನಿಯಾರ್ಡರು ಹೋಯಿತು. ಹೊರಗಿನಿಂದ ನೋಡಿದವರಿಗೆ ಹುಡುಗ ಸುಖವಾಗಿದ್ದಾನೆ. ಆದರೆ ಈ ವಯಸ್ಸಿಗೆ ಹೊಟ್ಟೆಗಿಂತ ಹೊರತಾದ ಹಸಿವುಗಳೂ ಉಂಟಷ್ಟೆ. ಮೈ ಬೆಳೆಯುವ ಕಾಲದಲ್ಲಿ ನಿದ್ದೆ ಬೇಕು. ಧ್ವನಿ ಒಡೆದು ಮೀಸೆ ಚಿಗುರುವಾಗ ಬರುವ ಸಂಶಯಗಳನ್ನು ಕೇಳಲು ಒಬ್ಬ ಹಿರಿಯ ಬೇಕು. ಸರಿಕರ ಜೊತೆ ಬೇಕು. ನಾಳೆ ಏನಾದೇನು ಎಂಬುದಕ್ಕೆ ಒಂದು ಆಸೆಯ ಎಳೆ ಬೇಕು.

ತುಳುನಾಡಿನ ಅಳಿಯಕಟ್ಟಿನ ಕುಟುಂಬಗಳಲ್ಲಿ ಹುಡುಗನ ಹೊಣೆ ಮುಖ್ಯವಾಗಿ ತಾಯಿಯ ಅಣ್ಣತಮ್ಮಂದಿರದು. ಸೋದರಮಾವನಿಗೆ ತುಳುವಿನಲ್ಲಿ ‘ತಮ್ಮಲೆ’ ಎನ್ನುತ್ತಾರೆ. ಬೈಯುವವನೂ ಅವನೇ, ಬುದ್ಧಿ ಹೇಳುವವನೂ ಅವನೇ. ಊರು ಬಿಟ್ಟ ಹುಡುಗನಿಗೆ ತಮ್ಮಲೆಯ ಆಸರೆ ತಪ್ಪಿತು. ಹೋಟೆಲಿನ ಯಜಮಾನ ಒಳ್ಳೆಯವನಾದರೆ ಆ ಸ್ಥಾನ ಅವನದು. ಅಲ್ಲವಾದರೆ ಹುಡುಗನನ್ನು ಕೇಳುವವರೇ ಇಲ್ಲ. ಅವನ ಕ್ಷೇಮವೆಲ್ಲ ಒಬ್ಬನ ಒಳ್ಳೆಯತನದ ಮೇಲೆ ನಿಂತಂತಾಯಿತು.

ಕಾನೂನು ಇರಲಿಲ್ಲವೆ ಎಂದು ನೀವು ಕೇಳಬಹುದು. ಇತ್ತು. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಮದರಾಸು ರಾಜ್ಯದಲ್ಲಿತ್ತು. 1947ರ ಮದರಾಸು ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ಹದಿನಾಲ್ಕು ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದೆಂದಿತು. ಹದಿನಾಲ್ಕರಿಂದ ಹದಿನೇಳರ ಒಳಗಿನವರನ್ನು ಬೆಳಗಿನ ಆರಕ್ಕೆ ಮೊದಲು, ಸಂಜೆ ಏಳರ ಮೇಲೆ ದುಡಿಸಬಾರದೆಂದಿತು. ಆದರೆ ಕಾಯಿದೆಯ ಪುಸ್ತಕ ಕಚೇರಿಯಲ್ಲಿ, ಅರೆಯುವ ಕಲ್ಲು ಹೋಟೆಲಿನ ಹಿತ್ತಿಲಲ್ಲಿ. ಹುಡುಗನ ವಯಸ್ಸನ್ನು ಕೇಳಿದರೆ ಹೇಳಿಕೊಟ್ಟ ಉತ್ತರ ಸಿದ್ಧವಾಗಿರುತ್ತಿತ್ತು.

ಈ ಕೊರತೆಯನ್ನು ತುಂಬಲು ಹೊರಟದ್ದು ಸರಕಾರವಲ್ಲ, ವಲಸೆ ಹೋದವರೇ. ನಮ್ಮ ಸಾಮಾಜಿಕ ಚರಿತ್ರೆಯಲ್ಲಿ ಇದೊಂದು ಹೆಮ್ಮೆಯ ಅಧ್ಯಾಯ. ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಸ್ಥಾಪನೆಯಾದದ್ದು 1902ರಲ್ಲಿ. ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಶನ್ 1932ರಲ್ಲಿ ಹುಟ್ಟಿದುವು. ಇಂಥ ಸಂಘಗಳ ಮತ್ತು ಇತರ ಕನ್ನಡಿಗರ ಶ್ರಮದಿಂದ ಆ ನಗರದಲ್ಲಿ ಕನ್ನಡ ರಾತ್ರಿಶಾಲೆಗಳು ಬೆಳೆದುವು. ಮೊಗವೀರರ ರಾತ್ರಿಶಾಲೆ, ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿಶಾಲೆ ಇವುಗಳ ಹೆಸರು ಕೇಳಿದರೆ ಇಂದಿಗೂ ಮುಂಬಯಿಯ ಹಿರಿಯ ಕನ್ನಡಿಗರ ಮುಖ ಅರಳುತ್ತದೆ. ಹಗಲೆಲ್ಲ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದ ಹುಡುಗರು ಸಂಜೆ ಕೈಕಾಲು ತೊಳೆದು, ಒಗೆದ ಅಂಗಿ ತೊಟ್ಟು ಈ ಶಾಲೆಗಳಿಗೆ ಹೋಗುತ್ತಿದ್ದರು. ಕನ್ನಡದಲ್ಲಿ ಗಣಿತ, ಚರಿತ್ರೆ, ವಿಜ್ಞಾನ, ಜೊತೆಗೆ ಇಂಗ್ಲಿಷು. ಹೀಗೆ ಓದಿ ಪ್ರೌಢಶಾಲೆಯ ಕಡೆಯ ಪರೀಕ್ಷೆಯನ್ನು ಪಾಸು ಮಾಡಿದವರು ಬ್ಯಾಂಕುಗಳಲ್ಲಿ ಗುಮಾಸ್ತರಾದರು. ಇನ್ನೂ ಓದಿ ವಕೀಲರು, ಅಧ್ಯಾಪಕರಾದವರೂ ಉಂಟು.

ಆದರೆ ರಾತ್ರಿಶಾಲೆಯ ಬೆಲೆಯನ್ನು ಪಾಸಾದವರ ಲೆಕ್ಕದಿಂದ ಮಾತ್ರ ಅಳೆಯಲಾಗದು. ಅದು ಹುಡುಗನಿಗೆ ದಿನಕ್ಕೆ ಎರಡು ಗಂಟೆ ಅವನ ನಿಜವಾದ ಹೆಸರನ್ನು ಹಿಂದಕ್ಕೆ ಕೊಟ್ಟಿತು. ಹೋಟೆಲಿನಲ್ಲಿ ಅವನು ಮಾಣಿ. ಹಾಜರಿ ಪುಸ್ತಕದಲ್ಲಿ ಅವನಿಗೆ ತಂದೆತಾಯಿ ಇಟ್ಟ ಹೆಸರಿತ್ತು. ಎರಡು ದಿನ ಬಾರದಿದ್ದರೆ ‘ಯಾಕೆ ಬರಲಿಲ್ಲ, ಜ್ವರವೆ?’ ಎಂದು ಮೇಷ್ಟರು ಕೇಳುತ್ತಿದ್ದರು. ತಮ್ಮಲೆಯ ಸ್ಥಾನ ಮತ್ತೆ ತುಂಬಿತು. ಪಕ್ಕದ ಬೆಂಚಿನಲ್ಲಿ ತನ್ನಂತೆಯೇ ಕೈ ಒರಟಾದ ಗೆಳೆಯನಿದ್ದ. ಅವನ ಜೊತೆ ರಜೆಯ ದಿನ ಯಕ್ಷಗಾನ ಮಂಡಳಿಯಲ್ಲಿ ಹೆಜ್ಜೆ ಕಲಿತ, ತಾಳಮದ್ದಳೆಯಲ್ಲಿ ಅರ್ಥ ಹೇಳಿದ. ಬೇರೆಯವರಿಂದ ಬರೆಯಿಸುತ್ತಿದ್ದ ಕಾಗದವನ್ನು ಅವ್ವನಿಗೆ ತಾನೇ ಬರೆದ. ಇವೆಲ್ಲ ಸಣ್ಣ ಸಂಗತಿಗಳೆನಿಸಬಹುದು. ಆದರೆ ಮನಸ್ಸಿನ ಆರೋಗ್ಯ ಎಂದು ನಾವು ಈಗ ದೊಡ್ಡ ಮಾತಿನಲ್ಲಿ ಹೇಳುವುದು ಇಂಥ ಸಣ್ಣ ಸಂಗತಿಗಳಿಂದಲೇ ಕೂಡಿಬರುವಂಥದು.

ಒಂದು ಮಾತನ್ನು ಇಲ್ಲಿ ಗಮನಿಸಬೇಕು. ಹುಡುಗ ಶಾಲೆಗೆ ಹೋಗಬೇಕಾದರೆ ಯಜಮಾನ ಸಂಜೆ ಬಿಡಬೇಕು. ಗಿರಾಕಿಗಳು ತುಂಬುವ ಹೊತ್ತೂ ಅದೇ. ಕೆಲವು ಯಜಮಾನರು ಬಿಟ್ಟರು, ಪುಸ್ತಕಕ್ಕೆ ಹಣವನ್ನೂ ಕೊಟ್ಟರು. ತಾವೂ ಹಾಗೆಯೇ ಮೇಲೆ ಬಂದವರೆಂಬ ನೆನಪು ಅವರಿಗಿತ್ತು. ಕೆಲವರು ಬಿಡಲಿಲ್ಲ. ಒಂದೇ ಊರಿನ, ಒಂದೇ ಬುದ್ಧಿಯ ಇಬ್ಬರು ಹುಡುಗರ ಬಾಳು ಬೇರೆ ಬೇರೆಯಾಗಲು ಇಷ್ಟು ಸಾಕಾಗಿತ್ತು.

ಹೋಟೆಲಿನಿಂದ ಮೇಲೆ ಬಂದವರ ಕಥೆಗಳನ್ನು ನಾವು ಉತ್ಸಾಹದಿಂದ ಹೇಳುತ್ತೇವೆ. ಕಡಂದಲೆಯ ಕೃಷ್ಣರಾಯರು ಹುಡುಗನಾಗಿ ಅಡುಗೆಮನೆಯಲ್ಲಿ ದುಡಿದು, ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಕಟ್ಟಿದರು. ಚಿಕ್ಕವಯಸ್ಸಿನಲ್ಲೇ ಮುಂಬಯಿ ಸೇರಿದ ರಾಮ ನಾಯಕರು 1942ರಲ್ಲಿ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದರು. ಈ ಸಾಹಸ ಸಣ್ಣದಲ್ಲ. ಆದರೆ ಒಬ್ಬ ಕೃಷ್ಣರಾಯರಿಗೆ ಎಷ್ಟು ಮಂದಿ ಹೆಸರಿಲ್ಲದ ಮಾಣಿಗಳು? ಕ್ಷಯ ಹಿಡಿದು ಊರಿಗೆ ಮರಳಿದವನು, ಮನಿಯಾರ್ಡರು ನಿಂತು ಸುದ್ದಿಯೇ ತಪ್ಪಿದವನು, ಐವತ್ತಾದರೂ ಲೋಟ ಎತ್ತುತ್ತಲೇ ಉಳಿದವನು, ಇವರ ಚರಿತ್ರೆಯನ್ನು ಯಾರೂ ಬರೆದಿಡಲಿಲ್ಲ. ‘ಕಷ್ಟಪಟ್ಟರೆ ಹುಡುಗರು ಗಟ್ಟಿಯಾಗುತ್ತಾರೆ’ ಎನ್ನುವವರು ಗೆದ್ದವರನ್ನು ಮಾತ್ರ ಎಣಿಸಿರುತ್ತಾರೆ. ಗೆದ್ದವರನ್ನು ಕೂಡ ಕೇಳಿ ನೋಡಿ: ಕಷ್ಟದ ಜೊತೆಗೆ ಒಬ್ಬ ಮೇಷ್ಟರೋ ಒಬ್ಬ ಯಜಮಾನರೋ ಒಬ್ಬ ಗೆಳೆಯನೋ ಅವರ ಮಾತಿನಲ್ಲಿ ಬಂದೇ ಬರುತ್ತಾರೆ.

ಇಷ್ಟು ಹುಡುಗರ ಮಾತಾಯಿತು. ಊರಿನಲ್ಲಿಯೇ ಉಳಿದ ಅವರ ತಂಗಿಯರ ಹರೆಯ ಹೇಗಿತ್ತು? 1929ರಲ್ಲಿ ಅಂಗೀಕಾರವಾಗಿ 1930ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಾರದಾ ಕಾಯಿದೆ ಹುಡುಗಿಯರ ಮದುವೆಗೆ ಹದಿನಾಲ್ಕು ವರ್ಷವನ್ನು ಕನಿಷ್ಠವೆಂದಿತು; ಅದು ಹದಿನೆಂಟಾದದ್ದು 1978ರಲ್ಲಿ. ಮದುವೆಯ ವಯಸ್ಸು ಮುಂದಕ್ಕೆ ಹೋದಾಗ ಶಾಲೆಗೂ ಮದುವೆಗೂ ನಡುವೆ ಕೆಲವು ವರ್ಷಗಳು ಉಳಿದುವು. ನಮ್ಮ ಜಿಲ್ಲೆಯಲ್ಲಿ ಆ ವರ್ಷಗಳನ್ನು ತುಂಬಿದ್ದು ಬಹುಮಟ್ಟಿಗೆ ಬೀಡಿ. ಎಲೆ ಹೊಗೆಸೊಪ್ಪುಗಳನ್ನು ಗುತ್ತಿಗೆದಾರನಿಂದ ತಂದು, ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕುಳಿತ ಹುಡುಗಿಯರು ಸಾವಿರದ ಲೆಕ್ಕದಲ್ಲಿ ಬೀಡಿ ಕಟ್ಟಿದರು. 1966ರ ಬೀಡಿ ಕೆಲಸಗಾರರ ಕಾಯಿದೆ ಹದಿನಾಲ್ಕರ ಒಳಗಿನ ಮಕ್ಕಳನ್ನು ಬೀಡಿ ಕಾರ್ಖಾನೆಗಳ ಕೆಲಸಕ್ಕೆ ಸೇರಿಸಬಾರದೆಂದರೂ, ಮನೆಯ ಜಗಲಿಯಲ್ಲಿ ತಾಯಿಯ ಜೊತೆ ಕೂತ ಮಗಳನ್ನು ಯಾವ ಇನ್‌ಸ್ಪೆಕ್ಟರು ಎಬ್ಬಿಸಿಯಾನು? ಆ ಹಣದಿಂದ ಎಷ್ಟೋ ಮನೆಗಳಲ್ಲಿ ತಮ್ಮನ ಶಾಲೆಯ ಫೀಸು ಸಂದಾಯವಾಯಿತು. ಉಡುಪಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯ ಏಜೆಂಟರು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸ್ವೀಕರಿಸುತ್ತಿದ್ದರಷ್ಟೆ. ಇಂಥ ಸಣ್ಣ ಗಳಿಕೆಗೂ ಒಂದು ಪುಸ್ತಕವಾಯಿತು. ಆದರೂ ಅಣ್ಣನಿಗೆ ಮುಂಬಯಿಯಲ್ಲಿ ರಾತ್ರಿಶಾಲೆಯಾದರೂ ಇತ್ತು; ತಂಗಿಗೆ ಅದೂ ಇರಲಿಲ್ಲ ಎಂಬುದನ್ನು ಮರೆಯಬಾರದು.

ಸ್ಥಿತಿ ಬದಲಾದದ್ದು ಒಂದೇ ಕಾರಣದಿಂದಲ್ಲ. ಡಾ. ಟಿ. ಎಂ. ಎ. ಪೈಗಳು 1942ರಲ್ಲಿ ಮಣಿಪಾಲದಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸಂಸ್ಥೆಯನ್ನು ಆರಂಭಿಸಿದಾಗ ತರುಣರಿಗೆ ಕೈಕಸುಬು ಕಲಿಸುವುದು ಅದರ ಮೊದಲ ಉದ್ದೇಶಗಳಲ್ಲಿ ಒಂದು. 1949ರಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು, 1960ರಲ್ಲಿ ಕಾರ್ಕಳದ ಭುವನೇಂದ್ರ ಕಾಲೇಜು ತೆರೆದುವು. ಅಲ್ಲಿಯವರೆಗೆ ಕಾಲೇಜು ಕಾಣಬೇಕಾದರೆ ಮಂಗಳೂರಿಗೆ ಹೋಗಬೇಕಿತ್ತು. ಈಗ ಮನೆಯಲ್ಲೇ ಉಂಡು, ಬಸ್ಸಿನಲ್ಲಿ ಹೋಗಿ ಓದುವಂತಾಯಿತು. ಹುಡುಗಿಯರಿಗೆ ಇದರಿಂದಾದ ಉಪಕಾರ ದೊಡ್ಡದು. 1974ರ ಮಾರ್ಚಿ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಉಳುವ ಒಕ್ಕಲನ್ನು ಹೊಲದ ಒಡೆಯನನ್ನಾಗಿ ಮಾಡಿತು. ಗೇಣಿ ಅಳೆಯುವುದು ತಪ್ಪಿದ ಮನೆಗಳಲ್ಲಿ ಮಗನನ್ನು ಇನ್ನೆರಡು ವರ್ಷ ಶಾಲೆಯಲ್ಲಿಡುವುದು ಸಾಧ್ಯವಾಯಿತು. 2006ರ ಅಕ್ಟೋಬರ್ 10ರಿಂದ ಹೋಟೆಲು, ಢಾಬಾ, ಮನೆಗೆಲಸಗಳಲ್ಲಿ ಹದಿನಾಲ್ಕರ ಒಳಗಿನ ಮಕ್ಕಳ ದುಡಿಮೆ ದೇಶಾದ್ಯಂತ ನಿಷಿದ್ಧವಾಯಿತು. 2016ರ ತಿದ್ದುಪಡಿ ಹದಿನಾಲ್ಕರಿಂದ ಹದಿನೆಂಟರವರನ್ನು ‘ಹದಿಹರೆಯದವರು’ ಎಂದು ಪ್ರತ್ಯೇಕವಾಗಿ ಗುರುತಿಸಿ, ಅಪಾಯದ ಕೆಲಸಗಳಿಂದ ದೂರವಿಟ್ಟಿತು. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ 86ನ್ನು ದಾಟಿತು. ಮುಂಬಯಿಯ ರಾತ್ರಿಶಾಲೆಗಳ ಬೆಂಚುಗಳು ಕ್ರಮೇಣ ಬರಿದಾದುವು. ಬೇಸರದ ಸುದ್ದಿಯಂತೆ ಕಂಡರೂ ಇದು ಸಂತೋಷದ ಸುದ್ದಿಯೇ. ಅಲ್ಲಿಗೆ ಹೋಗಬೇಕಾಗಿದ್ದ ಹುಡುಗರು ಊರಿನ ಹಗಲುಶಾಲೆಯಲ್ಲಿದ್ದರು.

ಹಾಗಾದರೆ ಹರೆಯದ ಮಕ್ಕಳ ಕ್ಷೇಮದ ಪ್ರಶ್ನೆ ಮುಗಿಯಿತೆ? ಇಲ್ಲ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಉಡುಪಿ ಜಿಲ್ಲೆ ರಾಜ್ಯಕ್ಕೇ ಮೊದಲು ಬಂತು. ಹೆಮ್ಮೆಯ ಮಾತು. ಆದರೆ ಆ ಅಂಕಗಳ ಹಿಂದಿನ ದಿನಚರಿಯನ್ನೂ ನೋಡಬೇಕು. ನಸುಕಿಗೆ ಎದ್ದು ಟ್ಯೂಷನ್ನು, ಹಗಲು ಶಾಲೆ, ಸಂಜೆ ಮತ್ತೆ ಪಾಠ, ರಾತ್ರಿ ದೀಪ ಆರಿಸಿದ ಮೇಲೆ ಅಂಗೈಯಲ್ಲಿ ಮೊಬೈಲು. ಹದಿಮೂರರಿಂದ ಹದಿನೆಂಟರ ವಯಸ್ಸಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆಗಳ ನಿದ್ದೆ ಬೇಕೆಂದು ನಿದ್ರೆಯ ವಿಚಾರ ಬಲ್ಲ ವೈದ್ಯರು ಹೇಳುತ್ತಾರೆ. ಹೋಟೆಲಿನ ಮೇಜಿನ ಮೇಲೆ ಮಲಗಿದವನಿಗೂ ಅಷ್ಟು ಸಿಗಲಿಲ್ಲ, ಮೆತ್ತನೆಯ ಹಾಸಿಗೆಯ ಈ ಮಗುವಿಗೂ ಸಿಗುತ್ತಿಲ್ಲ. ಹದಿನಾರಕ್ಕೆ ಮನೆ ಬಿಡುವುದೂ ನಿಂತಿಲ್ಲ. ಹೋಗುವುದು ಈಗ ಹೋಟೆಲಿಗಲ್ಲ, ಹಾಸ್ಟೆಲಿಗೆ. ತಂದೆ ಕೊಲ್ಲಿಯ ದೇಶದಲ್ಲೋ ಮುಂಬಯಿಯಲ್ಲೋ ಇರುವ ಮನೆಗಳು ಎಲ್ಲೂರಿನಂಥ ಊರುಗಳಲ್ಲಿ ಇಂದೂ ಇವೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ದೇಶದ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಹದಿಮೂರರಿಂದ ಹದಿನೇಳು ವರ್ಷದವರಲ್ಲಿ ನೂರಕ್ಕೆ 7.3ರಷ್ಟು ಮಂದಿಗೆ ಚಿಕಿತ್ಸೆ ಬೇಕಾಗುವಂಥ ಮಾನಸಿಕ ತೊಂದರೆ ಕಂಡುಬಂತು. ಹಳ್ಳಿಗಳಲ್ಲಿ ಈ ಪ್ರಮಾಣ 6.9 ಆದರೆ ಮಹಾನಗರಗಳಲ್ಲಿ 13.5, ಹೆಚ್ಚುಕಡಿಮೆ ಇಮ್ಮಡಿ. ಅನುಕೂಲಗಳು ಹೆಚ್ಚಾದಲ್ಲಿ ನೆಮ್ಮದಿ ತಾನಾಗಿ ಹೆಚ್ಚುವುದಿಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ. ಸಹಾಯದ ದಾರಿಗಳೂ ತೆರೆದಿವೆ. 2014ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ನಮ್ಮ ರಾಜ್ಯದ ಸರಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ಗಳು ನಡೆಯುತ್ತಿವೆ. 2022ರ ಅಕ್ಟೋಬರ್‌ನಿಂದ 14416 ಎಂಬ ಟೆಲಿ-ಮನಸ್ ದೂರವಾಣಿಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಮಾತನಾಡಬಹುದು. ಈ ಸಂಖ್ಯೆಯನ್ನು ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡುವುದರಲ್ಲಿ ನಾಚಿಕೆಯೇನೂ ಇಲ್ಲ.

ಆದರೆ ಕ್ಲಿನಿಕ್ಕಿಗೆ ಹೋಗುವ ಮೊದಲಿನ ಕೆಲಸ ಮನೆಯದು, ಕೇರಿಯದು. ರಾತ್ರಿಶಾಲೆಗಳನ್ನು ನಡೆಸಿದವರಲ್ಲಿ ಮನಶ್ಶಾಸ್ತ್ರ ಓದಿದವರು ಎಷ್ಟಿದ್ದಾರು? ದುಡಿಯುವ ಹುಡುಗನಿಗೆ ಹೆಸರು ಹಿಡಿದು ಕರೆಯುವ ಒಬ್ಬ ಹಿರಿಯ, ಕೂಡಿ ನಗುವ ಸರಿಕರು, ಕೆಲಸದ ನಡುವೆ ತನ್ನದೇ ಆದ ಎರಡು ಗಂಟೆ, ಮುಂದಕ್ಕೊಂದು ದಾರಿ ಬೇಕೆಂದು ಅವರು ಅನುಭವದಿಂದ ಅರಿತಿದ್ದರು. ಆಕಾಶವಾಣಿಯೂ 1969ರಲ್ಲಿ ದೆಹಲಿಯಿಂದ ‘ಯುವವಾಣಿ’ಯನ್ನು ಆರಂಭಿಸಿದಾಗ ಮೈಕಿನ ಮುಂದೆ ಹರೆಯದವರನ್ನೇ ಕೂರಿಸಿತು, ಅವರ ಮಾತನ್ನು ಹಿರಿಯರು ಕೇಳಲಿ ಎಂಬ ಆಲೋಚನೆ ಅದರಲ್ಲಿತ್ತು. ನಿಮ್ಮ ಮನೆಯಲ್ಲಿ ಹದಿನಾಲ್ಕು ಹದಿನೈದರ ಮಗುವಿದ್ದರೆ, ಇಂದು ರಾತ್ರಿ ಊಟಕ್ಕೆ ಕುಳಿತಾಗ ರೇಡಿಯೋದ ಧ್ವನಿಯನ್ನು ಸ್ವಲ್ಪ ತಗ್ಗಿಸಿ. ಅಂಕಗಳ ಮಾತು ಬಿಟ್ಟು, ಅದರ ಗೆಳೆಯರು ಯಾರು, ನಿದ್ದೆ ಸರಿಯಾಗಿ ಬರುತ್ತದೆಯೆ, ಯಾವುದಕ್ಕಾದರೂ ಹೆದರಿಕೆಯಿದೆಯೆ ಎಂದು ಕೇಳಿ. ಉತ್ತರ ಬರಲು ತಡವಾದೀತು, ಕಾಯಿರಿ.